ಮೂರು ಕಾಮಾ, ನಾಲ್ಕು ಗುಣ

ನಾನು ನಿವೃತ್ತನಾಗಿ ನಾಲ್ಕು ವರ್ಷವಾಯಿತು. ಆದರೂ ಅಂಗಿಯ ಜೇಬಿನಲ್ಲಿ ಒಂದು ಕೆಂಪು ಪೆನ್ನು ಸಿಕ್ಕಿಸಿಕೊಳ್ಳದೆ ಮನೆಯ ಹೊಸ್ತಿಲು ದಾಟುವುದಿಲ್ಲ. ಪೊಲೀಸು ಕೆಲಸ ಬಿಟ್ಟ ಮೇಲೂ ಕೆಲವರು ಮೀಸೆ ತಿರುವುವುದನ್ನು ಬಿಡುವುದಿಲ್ಲವಲ್ಲ, ಹಾಗೆ ಅಂದುಕೊಳ್ಳಿ. ಈ ಪೆನ್ನು ಎರಡು ಸಲ ಅಂಗಿಯ ಜೊತೆಗೇ ವಾಷಿಂಗ್ ಮೆಷಿನ್ನಿಗೆ ಇಳಿದು, ನನ್ನ ಪಂಚೆಗಳನ್ನೂ ದಿಂಬಿನ ಕವರುಗಳನ್ನೂ ಗುಲಾಬಿ ಬಣ್ಣಕ್ಕೆ ತಿರುಗಿಸಿದೆ. "ಏನ್ರೀ, ಇನ್ನೂ ಯಾರ ಪೇಪರ್ ತಿದ್ದೋದು ಬಾಕಿ ಇದೆ ನಿಮಗೆ?" ಎಂದು ನನ್ನ ಹೆಂಡತಿ ಸರೋಜ ಕೇಳುತ್ತಾಳೆ. ಅವಳಿಗೇನು ಗೊತ್ತು, ಇಡೀ ತುಮಕೂರೇ ಬಾಕಿ ಇದೆ.

ಹೋದ ತಿಂಗಳು ಇಲ್ಲೇ ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಹೋಟೆಲಿಗೆ ಹೋಗಿದ್ದೆ. ಹೊಸದಾಗಿ ಇಂಗ್ಲಿಷಿನಲ್ಲಿ ಮೆನು ಕಾರ್ಡು ಮಾಡಿಸಿದ್ದರು. ‘ಹಾಟ್ ಟೇಸ್ಟಿ ಕ್ರಿಸ್ಪಿ ಮಸಾಲೆ ದೋಸೆ’ ಎಂದು ಅಚ್ಚಾಗಿತ್ತು. ಒಂದಕ್ಕೊಂದು ಒತ್ತಿಕೊಂಡು ನಿಂತ ಮೂರು ಗುಣವಾಚಕಗಳು, ನಡುವೆ ಒಂದೂ ಕಾಮಾ ಇಲ್ಲ! ನನಗೆ ತಡೆಯಲಾಗಲಿಲ್ಲ. ಪೆನ್ನು ತೆಗೆದು ‘ಹಾಟ್’ ಆದ ಮೇಲೆ ಒಂದು, ‘ಟೇಸ್ಟಿ’ ಆದ ಮೇಲೆ ಒಂದು, ಎರಡು ಕಾಮಾ ಹಾಕಿ ಸಮಾಧಾನದಿಂದ ನಿಟ್ಟುಸಿರು ಬಿಟ್ಟೆ. ಸಪ್ಲೈಯರ್ ಬಂದು ಬಗ್ಗಿ ನೋಡಿ, ಒಳಕ್ಕೆ ಹೋಗಿ, ಎರಡು ಮಸಾಲೆ ದೋಸೆ ತಂದಿಟ್ಟ. ನಾನು ಮಾರ್ಕು ಮಾಡಿದ್ದು ಆರ್ಡರು ಎಂದುಕೊಂಡಿದ್ದ. ಎರಡನ್ನೂ ತಿಂದೆ. ವ್ಯಾಕರಣಕ್ಕಾಗಿ ಇಷ್ಟು ತ್ಯಾಗ ಮಾಡದಿದ್ದರೆ ಹೇಗೆ?

ಇದನ್ನು ಓದುತ್ತಿರುವ ನೀವು ಕಾಮಾದ ಗೊಡವೆಗೆ ಹೋಗದೆ ಸುಖವಾಗಿ ಬದುಕುತ್ತಿದ್ದೀರಿ ಎಂದು ನನಗೆ ಗೊತ್ತು. ಕನ್ನಡದಲ್ಲಿ ಅದಕ್ಕೆ ಅಲ್ಪವಿರಾಮ ಎಂಬ ಹೆಸರಿದೆ. ಹಾಗೆ ಕರೆದವರನ್ನು ನಾನು ಪಠ್ಯಪುಸ್ತಕದ ಹೊರಗೆ ಕಂಡಿಲ್ಲ. ನಮ್ಮವರಿಗೆ ಅದರ ಅಗತ್ಯವೇ ಬೀಳಲಿಲ್ಲ. ನಮ್ಮಜ್ಜಿ ಕುಣಿಗಲ್ಲಿನ ಮನೆಯ ಜಗುಲಿಯ ಮೇಲೆ ನಿಂತು ನನ್ನನ್ನು ಬೈಯುತ್ತಿದ್ದುದು ಹೀಗೆ: "ಬಾರ್ಲಾ ಇಲ್ಲಿ ಕಳ್ ಮೈಗಳ್ ಹೊಟ್ಟೆಬಾಕ ಮೂದೇವಿ ಮುಂಡೇದೆ!" ಎಷ್ಟು ವಿಶೇಷಣ ಲೆಕ್ಕ ಹಾಕಿ. ಒಂದೇ ಉಸಿರು. ನಡುವೆ ಕಾಮಾ ಹಾಕಿದ್ದರೆ ಆ ಸಂದಿಯಲ್ಲಿ ನಾನು ತಪ್ಪಿಸಿಕೊಂಡು ಓಡಿಹೋಗುತ್ತಿದ್ದೆ. ಅಜ್ಜಿಗೆ ಅದು ಗೊತ್ತಿತ್ತು.

ಕಾಮಾದ ಹುಚ್ಚು ಹಿಡಿಸಿದವರು ಹೈಸ್ಕೂಲಿನ ನಂಜುಂಡಯ್ಯ ಮೇಷ್ಟ್ರು. ಬಿಳಿ ಪಂಚೆ, ಕರಿ ಕೋಟು, ಕೈಯಲ್ಲಿ ಒಂದಡಿಯ ಮರದ ಸ್ಕೇಲು. ಕುದುರೆ ಫಾರಂ ಇರುವ ಕುಣಿಗಲ್ಲಿನ ಹುಡುಗರಿಗೆ ಕುದುರೆ ಗೊತ್ತು ಎಂಬ ಕಾರಣಕ್ಕೆ ಅವರ ಉದಾಹರಣೆಗಳೆಲ್ಲ ಕುದುರೆಯವೇ. ‘ಬಿಗ್ ಬ್ರೌನ್ ಹಾರ್ಸ್’, ಇದಕ್ಕೆ ಕಾಮಾ ಬೇಡ. ‘ಟೈರ್ಡ್, ಹಂಗ್ರಿ ಹಾರ್ಸ್’, ಇದಕ್ಕೆ ಬೇಕು. ಯಾಕೆ? "ಎರಡರ ಮಧ್ಯೆ ‘ಮತ್ತು’ ಇಟ್ಟು ನೋಡ್ರೋ. ಆಮೇಲೆ ಹಿಂದುಮುಂದು ಮಾಡಿ ನೋಡ್ರೋ. ಎರಡಕ್ಕೂ ವಾಕ್ಯ ತಡ್ಕೊಂಡ್ರೆ ಕಾಮಾ ಹಾಕಿ. ತಡ್ಕೊಳ್ಳಲಿಲ್ವಾ, ಮುಚ್ಕೊಂಡು ಸುಮ್ಮನಿರಿ." ತಪ್ಪಿದರೆ ಒಂದು ಕಾಮಾಕ್ಕೆ ಒಂದು ಏಟು. ಸ್ಕೇಲನ್ನು ಅಡ್ಡಕ್ಕೆ ಹಿಡಿದು, ಬೆರಳ ಗೆಣ್ಣಿನ ಮೇಲೆ. ಸುಸ್ತಾದ ಕುದುರೆ, ಹಸಿದ ಕುದುರೆ, ಎರಡರ ನೋವೂ ನಮಗೆ ಚೆನ್ನಾಗಿ ಅರ್ಥವಾಗುತ್ತಿತ್ತು.

ಒಂಬತ್ತನೇ ಕ್ಲಾಸಿನಲ್ಲಿ ನಮ್ಮನ್ನು ಹುತ್ರಿದುರ್ಗದ ಬೆಟ್ಟಕ್ಕೆ ಕರೆದುಕೊಂಡು ಹೋದರು. ಮೇಲೆ ಹತ್ತಿದ ಮೇಲೆ ಎಲ್ಲರೂ ಪುಳಿಯೋಗರೆ ಬಿಚ್ಚಿದರು. ಮೇಷ್ಟ್ರು, ಬೆಟ್ಟವನ್ನು ವರ್ಣಿಸಿ ಇಂಗ್ಲಿಷಿನಲ್ಲಿ ಒಂದು ವಾಕ್ಯ ಬರೆದು ತೋರಿಸಿದವನಿಗೆ ಮಾತ್ರ ಶಭಾಷ್ ಎಂದರು. ಬೇರೆಯವರು ಕೈ ನೆಕ್ಕಿಕೊಳ್ಳುತ್ತಿರುವಾಗ ನಾನು ಬಂಡೆಗೆ ಬೆನ್ನು ಹಾಕಿ, ನೋಟ್ ಬುಕ್ಕನ್ನು ತೊಡೆಯ ಮೇಲಿಟ್ಟುಕೊಂಡು ‘ಸ್ಟೀಪ್, ರಾಕಿ, ವಿಂಡಿ ಹಿಲ್’ ಎಂದು ಬರೆದೆ. ಎರಡು ಕಾಮಾ, ಎರಡೂ ಸರಿಯಾದ ಜಾಗದಲ್ಲಿ. ಮೇಷ್ಟ್ರು ತಲೆ ಸವರಿದರು. ನನಗೆ ಕೋಡು ಮೂಡಿತು. ಇವತ್ತು ಯಾರಾದರೂ ಆ ಬೆಟ್ಟದ ಮೇಲಿಂದ ಏನೇನು ಕಾಣಿಸುತ್ತದೆ ಎಂದು ಕೇಳಿದರೆ ನನಗೆ ಗೊತ್ತಿಲ್ಲ. ನಾನು ನೋಟ್ ಬುಕ್ಕು ನೋಡುತ್ತಿದ್ದೆ.

ಹೀಗೆ ತಲೆ ಸವರಿಸಿಕೊಂಡವನು ಇಂಗ್ಲಿಷ್ ಎಂ.ಎ. ಮಾಡಿ, ಗುಬ್ಬಿಯ ಒಂದು ಕಾಲೇಜಿನಲ್ಲಿ ಮೇಷ್ಟ್ರಾಗಿ, ಮೂವತ್ತೊಂದು ವರ್ಷ ಕೆಂಪು ಶಾಯಿ ಸುರಿಸಿದೆ. ಹುಡುಗರು ನನಗೆ ಕಾಮಾ ಸಾರ್ ಎಂದು ಹೆಸರಿಟ್ಟಿದ್ದರು. ಅದು ಗೌರವದ ಬಿರುದು ಎಂದು ನಾನು ಬಹಳ ಕಾಲ ತಿಳಿದಿದ್ದೆ.

ಮೇಷ್ಟ್ರಾದವನಿಗೆ ಪಾಠದ ಜೊತೆ ಇನ್ನೊಂದು ಕೆಲಸ ಬೀಳುತ್ತದೆ. ಓದು ಮುಗಿಸಿ ಕೆಲಸ ಹುಡುಕುವ ಹುಡುಗ ಹುಡುಗಿಯರು ‘ಸಾರ್, ಒಂದು ಲೆಟರ್’ ಎಂದು ಬರುತ್ತಾರೆ. ಇವನು ನನ್ನ ವಿದ್ಯಾರ್ಥಿ, ಇಂಥ ಗುಣವಂತ, ಇವನಿಗೆ ಕೆಲಸ ಕೊಡಿ ಎಂದು ಬರೆದುಕೊಡಬೇಕು. ಮೊದಲ ಸಲ ಬರೆಯುವಾಗ ಒಂದು ಭಾನುವಾರ ಪೂರ್ತಿ ಕೂತಿದ್ದೆ. ಗುಣಗಳನ್ನು ಆರಿಸುವುದಕ್ಕೆ ಐದು ನಿಮಿಷ ಹಿಡಿಯಿತು. ಉಳಿದ ಹೊತ್ತೆಲ್ಲ ಕಾಮಾಗಳಿಗೆ. ಕೊನೆಗೆ ಮೂಡಿದ ವಾಕ್ಯ ಇದು: ‘ಎ ಸಿನ್ಸಿಯರ್, ಹಾರ್ಡ್‌ವರ್ಕಿಂಗ್, ಒಬೀಡಿಯೆಂಟ್, ಸಾಫ್ಟ್ ಸ್ಪೋಕನ್ ಸ್ಟೂಡೆಂಟ್.’ ನಾಲ್ಕು ಗುಣ, ಮೂರು ಕಾಮಾ. ಕೊನೆಯ ಗುಣಕ್ಕೂ ಸ್ಟೂಡೆಂಟಿಗೂ ನಡುವೆ ಕಾಮಾ ಇಲ್ಲ ಎಂಬುದನ್ನು ದಯವಿಟ್ಟು ಗಮನಿಸಬೇಕು. ಅಲ್ಲಿ ಕಾಮಾ ಹಾಕುವವರನ್ನು ನಾನು ಮನೆಗೆ ಕರೆದು ಕಾಫಿ ಕೊಡುವುದಿಲ್ಲ.

ಅದನ್ನು ಟೈಪ್ ಮಾಡಿದವನು ಗುಬ್ಬಿ ಬಸ್ ಸ್ಟ್ಯಾಂಡಿನ ಎದುರು ಜೆರಾಕ್ಸ್ ಅಂಗಡಿ ಇಟ್ಟಿದ್ದ ಪುಟ್ಟರಾಜು. ಮುಂದಿನ ಸಲ ಇನ್ನೊಬ್ಬ ಹುಡುಗನಿಗೆ ಬೇಕಾದಾಗ ಅವನೇ ಅಂದ, "ಸಾ, ಮತ್ಯಾಕೆ ಬರೆಯೋ ತ್ರಾಸ? ನಿಮ್ದು ನನ್ ಸಿಸ್ಟಮ್ನಾಗೆ ಭದ್ರವಾಗೈತೆ. ಹೆಸ್ರು ಬದಲಾಯ್ಸಿ ಕೊಡ್ತೀನಿ ಬುಡಿ." ಎಷ್ಟು ಸುಲಭ ನೋಡಿ! ಅಂದಿನಿಂದ ಯಾರು ಬಂದರೂ ನಾನು, "ಪುಟ್ಟರಾಜು ಹತ್ರ ಹೋಗಪ್ಪ, ನಿನ್ನ ಹೆಸರು ಹಾಕಿಸ್ಕೊಂಡು ಬಾ, ಸೈನ್ ಹಾಕ್ತೀನಿ" ಎನ್ನತೊಡಗಿದೆ. ಸಿನ್ಸಿಯರ್ ಆದವನೂ ಹೋದ, ಕ್ಲಾಸಿಗೇ ಬರದವನೂ ಹೋದ. ಎಲ್ಲರೂ ಅಂಗಡಿಯಿಂದ ಹೊರಬರುವಾಗ ವಿಧೇಯರೂ ಮೃದುಭಾಷಿಗಳೂ ಆಗಿರುತ್ತಿದ್ದರು. ಗುಬ್ಬಿ ತಾಲ್ಲೂಕಿನ ಒಂದು ತಲೆಮಾರು ಹೀಗೆ ಒಂದೇ ಅಚ್ಚಿನಲ್ಲಿ ಗುಣವಂತವಾಯಿತು.

ಹಾಗೆಂದು ನಾನು ಕಣ್ಣು ಮುಚ್ಚಿ ಸಹಿ ಹಾಕುತ್ತಿದ್ದೆ ಎಂದುಕೊಳ್ಳಬೇಡಿ. ಒಮ್ಮೆ ಪುಟ್ಟರಾಜುವಿನ ಕೈ ತಪ್ಪಿ ಎರಡನೇ ಕಾಮಾ ಹಾರಿಹೋಗಿತ್ತು. ಆ ಹುಡುಗನನ್ನು ಬಿಸಿಲಿನಲ್ಲಿ ವಾಪಸು ಕಳಿಸಿ ಸರಿ ಮಾಡಿಸಿದೆ. ಅಂದಿನಿಂದ ಪ್ರತಿ ಲೆಟರಿನಲ್ಲೂ ಬೆರಳಿಟ್ಟು ಕಾಮಾ ಎಣಿಸುತ್ತಿದ್ದೆ. ಒಂದು, ಎರಡು, ಮೂರು. ಸರಿ, ಸಹಿ. ಮೇಲೆ ಯಾರ ಹೆಸರಿದೆ ಎಂದು ನೋಡುವಷ್ಟು ಪುರುಸೊತ್ತು ಎಲ್ಲಿತ್ತು?

ಈ ಗುಣವಾಚಕಗಳ ಜಾತ್ರೆ ನನ್ನೊಬ್ಬನದೇ ಅಲ್ಲ ಬಿಡಿ. ನಮ್ಮ ಅಣ್ಣನ ಮಗ ಹಿರೇಹಳ್ಳಿಯ ಒಂದು ಫ್ಯಾಕ್ಟರಿಗೆ ಅರ್ಜಿ ಹಾಕಿದಾಗ ತನ್ನನ್ನು ‘ಡೈನಾಮಿಕ್, ಎನರ್ಜೆಟಿಕ್, ಸೆಲ್ಫ್ ಮೋಟಿವೇಟೆಡ್’ ಎಂದು ಬರೆದುಕೊಂಡಿದ್ದ. ಅವನನ್ನು ಬೆಳಿಗ್ಗೆ ಎಬ್ಬಿಸಲು ಅವರಮ್ಮ ಲೋಟದಲ್ಲಿ ನೀರು ಹಿಡಿದು ನಿಲ್ಲಬೇಕು. ಮದುವೆಗೆ ಹೆಣ್ಣು ತೋರಿಸುವ ಬಯೋಡೇಟಾಗಳಂತೂ ಕೇಳಲೇಬೇಡಿ. ‘ಫೇರ್, ಸ್ಲಿಮ್, ಹೋಮ್ಲಿ, ಟ್ರೆಡಿಷನಲ್, ಮಾಡರ್ನ್’ ಎಂದು ಒಂದರ ಬೆನ್ನಿಗೆ ಒಂದು. ಸಾಂಪ್ರದಾಯಿಕವೂ ಆಧುನಿಕವೂ ಒಟ್ಟಿಗೆ ಹೇಗಮ್ಮ ಎಂದು ಕೇಳಿದ್ದಕ್ಕೆ ಹುಡುಗಿಯ ತಾಯಿಯೊಬ್ಬರು, "ಮಧ್ಯ ಕಾಮಾ ಹಾಕಿದೀವಲ್ಲ ಸಾರ್, ಜಗಳ ಆಡಲ್ಲ" ಎಂದರು. ಕಾಮಾದ ಬಗ್ಗೆ ನಾನು ಕೇಳಿದ ಅತ್ಯಂತ ವಿದ್ವತ್ಪೂರ್ಣ ಮಾತು ಅದೇ.

ಇರಲಿ, ಈಗ ಸಲ್ಮಾಳ ವಿಷಯಕ್ಕೆ ಬರುತ್ತೇನೆ. ಇಷ್ಟು ಹೊತ್ತು ಸುತ್ತಾಡಿದ್ದು ಅದನ್ನು ಮುಂದಕ್ಕೆ ಹಾಕುವುದಕ್ಕೇ ಇರಬೇಕು.

ಈ ಬೇಸಿಗೆಯ ಕೊನೆಯಲ್ಲಿ ಒಂದು ದಿನ ಸಲ್ಮಾ ತುಮಕೂರಿನ ನಮ್ಮ ಮನೆಗೆ ಬಂದಳು. ಗುಬ್ಬಿಯಲ್ಲಿ ಹಾಸಿಗೆ, ರಜಾಯಿ ಹೊಲಿಯುವವರ ಮಗಳು, ನನ್ನ ಹಳೆಯ ವಿದ್ಯಾರ್ಥಿನಿ. ವಯಸ್ಸು ಮೂವತ್ತನಾಲ್ಕು ಎಂದು ಆಮೇಲೆ ತಿಳಿಯಿತು. ಕುಣಿಗಲ್ಲಿನ ಒಂದು ಖಾಸಗಿ ಶಾಲೆಯಲ್ಲಿ ಇಂಗ್ಲಿಷ್ ಟೀಚರ್ ಕೆಲಸ ಖಾಲಿ ಇತ್ತು. ಓದಿಸಿದ ಮೇಷ್ಟ್ರಿಂದ ಲೆಟರ್ ಬೇಕಂತೆ. ಬಾಗಿಲಲ್ಲಿ ನಿಂತು "ನಮಸ್ಕಾರ ಸಾರ್" ಎಂದಳು ನೋಡಿ, ಒಳಗೆ ಅಡುಗೆಮನೆಯಲ್ಲಿದ್ದ ಸರೋಜಳ ಕೈಯಿಂದ ಸೌಟು ಬಿತ್ತು. ಅಂಥ ದನಿ! ಸರೋಜ ಕಾಫಿ ಕೊಟ್ಟಳು. ಸಲ್ಮಾ ತಾನು ಎಲ್ಲೆಲ್ಲಿ ಪಾಠ ಮಾಡಿದೆ, ಮಕ್ಕಳಿಗೆ ಹೇಗೆ ಹೇಳಿಕೊಟ್ಟೆ ಎಂದು ಹೇಳಲು ಶುರು ಮಾಡಿದಳು. ನಾನು ಕೈ ಅಡ್ಡ ಮಾಡಿ, "ಎಲ್ಲಾ ಸರಿ ಕಣಮ್ಮ, ಪುಟ್ಟರಾಜು ಹತ್ರ ಹೋಗು" ಎಂದೆ. ಅವಳು ಗುಬ್ಬಿಗೆ ವಾಪಸು ಹೋಗಿ, ಟೈಪ್ ಮಾಡಿಸಿಕೊಂಡು, ಮಾರನೆಯ ದಿನ ಮತ್ತೆ ಬಸ್ಸು ಹತ್ತಿ ಬಂದಳು. ಒಂದು, ಎರಡು, ಮೂರು. ಸಹಿ ಹಾಕಿದೆ.

ಎಂಟು ದಿನ ಬಿಟ್ಟು, ಒಂದು ಗುರುವಾರ ಮಧ್ಯಾಹ್ನ, ಮತ್ತೆ ಬಂದಳು. ಈ ಸಲ ನಮಸ್ಕಾರದ ದನಿ ಇಳಿದಿತ್ತು. ಕುಣಿಗಲ್ಲಿನಿಂದ ನೇರ ಬಂದಿದ್ದಳು. ಇಂಟರ್‌ವ್ಯೂ ಮುಗಿದಿತ್ತು.

"ಏನಾಯ್ತಮ್ಮ?"

"ಕೊನೆಗೆ ಮೂರು ಜನ ಉಳ್ಕೊಂಡ್ವಿ ಸಾರ್. ನಾನು, ಚೇಳೂರಿನ ಮಹೇಶ, ಆಮೇಲೆ ನಮ್ ಗುಬ್ಬಿಯೋರೇ ರೇಖಾ ಅಂತ. ಮೂರು ಜನಾನೂ ನಿಮ್ ಸ್ಟೂಡೆಂಟ್ಸೇ."

ನನಗೆ ಹೆಮ್ಮೆಯೆನಿಸಿತು. ಬಾಯಿ ಅಗಲವಾಯಿತು. ಮುಂದಿನ ಮಾತು ಕೇಳುವವರೆಗೆ.

"ಸೆಕ್ರೆಟರಿ ಮೂರು ಲೆಟರ್ನೂ ಟೇಬಲ್ ಮೇಲೆ ಸಾಲಾಗಿ ಜೋಡ್ಸಿದ್ರು ಸಾರ್. ಫ್ಯಾನ್ ಗಾಳಿಗೆ ಹಾರ್ದಂಗೆ ಒಂದೊಂದ್ರ ಮೇಲೂ ಪೇಪರ್‌ವೇಟ್ ಇಟ್ರು. ಇಟ್ಟು, ಹೆಡ್ ಮಿಸ್ಸನ್ನ ಕರೆದು ತೋರ್ಸಿದ್ರು. ಅವ್ರು ಬಾಯಿಗೆ ಸೆರಗು ಅಡ್ಡ ಇಟ್ಕೊಂಡು ನಕ್ಕಿದ್ದೇ ನಕ್ಕಿದ್ದು."

ಅಕ್ಷರ ಅಕ್ಷರ ಒಂದೇ. ಮೂವರಿಗೂ ಅದೇ ನಾಲ್ಕು ಗುಣ, ಅದೇ ಕ್ರಮ, ಅದೇ ಮೂರು ಕಾಮಾ. ಸಾಲದ್ದಕ್ಕೆ ಮಹೇಶನ ಲೆಟರಿನಲ್ಲಿ ಅವನನ್ನು ‘ಷಿ’ ಎಂದೇ ಬಿಟ್ಟಿದ್ದ ಪುಟ್ಟರಾಜು, ಕೆಳಗೆ ನನ್ನ ಸಹಿ. ತೆಂಗಿನಕಾಯಿ ವ್ಯಾಪಾರದಲ್ಲಿ ಕೂದಲು ಹಣ್ಣಾದ ಮನುಷ್ಯ ಆ ಸೆಕ್ರೆಟರಿ. ಕಾಯಿ ತಟ್ಟಿ ನೋಡದೆ ಚೀಲಕ್ಕೆ ಹಾಕಿದವರಲ್ಲ. ಸಲ್ಮಾಳ ಕಡೆ ತಿರುಗಿ, "ಸಾಫ್ಟ್ ಸ್ಪೋಕನ್ ಅಂತ ಬರೆದವ್ರಲ್ಲ ತಾಯಿ, ನೀನು ವಾಚ್‌ಮನ್ನ ಮಾತಾಡಿಸಿದ್ದು ನಂಗೆ ಇಲ್ಲಿಗೇ ಕೇಳಿಸ್ತಲ್ಲ!" ಎಂದರಂತೆ. ಆಮೇಲೆ ಮೂವರಿಗೂ ಹೇಳಿದರಂತೆ: "ನಿಮ್ ಮೇಷ್ಟ್ರಿಗೆ ನೀವು ಮೂರು ಜನಾನೂ ಒಂದೇ ಕಾಣ್ತೀರ. ನಂಗೆ ಬೇಕಿರೋದು ಒಬ್ರು. ಯಾರಾದ್ರೂ ಸರಿ, ನಿಮ್ಮನ್ನ ನಿಜವಾಗ್ಲೂ ಬಲ್ಲೋರ ಹತ್ರ ಬರೆಸ್ಕೊಂಡು ಶನಿವಾರ ಬನ್ನಿ."

"ಮಿಕ್ಕಿದೋರು ಏನ್ ಮಾಡ್ತಾರಂತೆ?" ಎಂದೆ.

"ಮಹೇಶ ಅವ್ನು ಪಾಠ ಮಾಡ್ತಿದ್ದ ಸ್ಕೂಲಿನ ಹೆಡ್ ಮಾಸ್ಟರ್ ಹತ್ರ ಹೋದ. ರೇಖಾ ಬಿ.ಎಡ್. ಮೇಡಂ ಹತ್ರ. ನಂಗೆ ನೀವೇ ಸಾರ್." ಮುಂದುವರಿಸಿದಳು, "ಹತ್ತು ವರ್ಷದಿಂದ ನಾನು ಯಾವ ಸ್ಕೂಲಲ್ಲೂ ಪೂರ್ತಿ ಇಲ್ಲ ಸಾರ್. ಜೂನಲ್ಲಿ ಕರೀತಾರೆ, ಮಾರ್ಚಲ್ಲಿ ಸಾಕು ಹೋಗಮ್ಮ ಅಂತಾರೆ. ಮುಂದಿನ್ ಜೂನಲ್ಲಿ ಅಲ್ಲಿ ಬೇರೆ ಯಾರೋ ಇರ್ತಾರೆ. ಇದು ಪರ್ಮನೆಂಟ್. ಮೂವತ್ತೈದು ದಾಟಿದ್ರೆ ತಗೊಳಲ್ಲ ಅಂತ ಬೋರ್ಡಲ್ಲೇ ಹಾಕವ್ರೆ. ನಂಗೆ ಆಗಸ್ಟಿಗೆ ಮೂವತ್ತೈದು."

ನಾನು ಗತ್ತಿನಿಂದ ಬಿಳಿ ಹಾಳೆ ತೆಗೆದುಕೊಂಡು ಕೂತೆ. ಬರೆಯುವುದು ನನಗೆ ಹೊಸದೇ? ‘ಸಲ್ಮಾ ಈಸ್ ಎ’ ಎಂದು ಬರೆದೆ. ಅಲ್ಲಿಗೆ ನಿಂತಿತು. ಏನು ಸಲ್ಮಾ? ಸಿನ್ಸಿಯರ್ ಎಂಬುದು ಬೆರಳ ತುದಿಗೆ ತಾನೇ ತಾನಾಗಿ ಬಂತು, ತಡೆದೆ. ಹಾರ್ಡ್‌ವರ್ಕಿಂಗ್ ಬಂತು, ತಡೆದೆ. ಫ್ಯಾನು ತಿರುಗುತ್ತಿತ್ತು. ಎರಡು ವರ್ಷ ನನ್ನ ಎದುರು ಕೂತವಳು ಇವಳು, ಇವಳ ಬಗ್ಗೆ ಒಂದು ಮಾತು, ಒಂದೇ ಒಂದು ಮಾತು ನನಗೆ ಹೊಳೆಯಬಾರದೇ? ಗೆರೆ ಎಳೆದೆ, ಹೊಡೆದು ಹಾಕಿದೆ, ಕೆಮ್ಮಿದೆ.

"ನೀನು ಯಾವ ಬೆಂಚಲ್ಲಿ ಕೂರ್ತಿದ್ದೆ?" ಎಂದೆ ಕೊನೆಗೆ.

"ಮುಂದಿನ ಬೆಂಚು ಸಾರ್. ನಿಮ್ಮ ಟೇಬಲ್ಲಿಗೆ ಅಂಟಿಕೊಂಡಂಗೆ."

"ಹೌದಾ... ನಿನ್ನ ಕಾಮಾ ಹೇಗಿರ್ತಿತ್ತು?"

ಬಾಯಿಂದ ಬಂದುಬಿಟ್ಟಿತು. ಸಲ್ಮಾ ನಕ್ಕಳು. "ಅದೊಂದು ಕಥೆ ಸಾರ್. ಒಂದ್ಸಲ ನೀವು, ಮನೇಲಿರೋ ಯಾರ ಬಗ್ಗೆಯಾದ್ರೂ ಬರೀರಿ ಅಂದಿದ್ರಿ. ನಾನು ನಮ್ಮಜ್ಜಿ ಬಗ್ಗೆ ಬರೆದಿದ್ದೆ. ‘ಮೈ ಓಲ್ಡ್ ಬ್ಲೈಂಡ್ ಫನ್ನಿ ಗ್ರ್ಯಾಂಡ್‌ಮದರ್’ ಅಂತ. ಒಂದೂ ಕಾಮಾ ಹಾಕಿರ್ಲಿಲ್ಲ. ನೀವು ಕೆಂಪಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ ‘ಕಾಮಾ ಎಲ್ಲಿ?’ ಅಂತ ಬರೆದು, ಎರಡು ಮಾರ್ಕ್ಸ್ ಕಟ್ ಮಾಡಿದ್ರಿ."

"ತಪ್ಪಲ್ವಾ ಮತ್ತೆ?" ಎಂದೆ. ಅಭ್ಯಾಸ, ಏನು ಮಾಡಲಿ.

"ತಪ್ಪೇ ಸಾರ್. ಅದರ ಕೊನೇ ಪ್ಯಾರಾದಲ್ಲಿ ಅಜ್ಜಿ ಹಿಂದಿನ ಶುಕ್ರವಾರ ತೀರ್ಕೊಂಡ್ರು ಅಂತ ಬರೆದಿದ್ದೆ. ಅಲ್ಲಿ ಕಾಮಾ ಎಲ್ಲಾ ಸರಿಯಾಗಿತ್ತು. ಅದಕ್ಕೆ ನೀವು ಟಿಕ್ ಹಾಕಿದ್ರಿ."

ಅಡುಗೆಮನೆಯ ಬಾಗಿಲಲ್ಲಿ ಸರೋಜ ನಿಂತಿದ್ದಳು. ಅವಳು ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ. ನನಗೆ ನಾಚಿಕೆಯಾಯಿತು. ಎಪ್ಪತ್ತು ಜನರ ಕ್ಲಾಸು, ದಿನಕ್ಕೆ ನೂರು ಹಾಳೆ ಎಂದೆಲ್ಲ ಹೇಳಬಹುದಿತ್ತು, ಪೆನ್ನಿಗೆ ಮುಚ್ಚಳ ಹಾಕಿದೆ.

"ಬೇಜಾರಿಲ್ಲ ಸಾರ್," ಎಂದಳು ಸಲ್ಮಾ ನನ್ನ ಮುಖ ನೋಡಿ. "ಅವತ್ತು ಅತ್ತಿದ್ದೆ, ನಿಜ. ಆದ್ರೆ ಈಗ ನಾನು ಮಕ್ಕಳ ಪುಸ್ತಕ ತಿದ್ದೋಕೆ ಮುಂಚೆ ಪೆನ್ನು ಕೆಳಗಿಟ್ಟು ಒಂದ್ಸಲ ಸುಮ್ನೆ ಓದ್ತೀನಿ. ಆಮೇಲೆ ತಿದ್ತೀನಿ."

"ಪಾಠ ಹೆಂಗೆ ಮಾಡ್ತೀಯಮ್ಮ ನೀನು?" ಎಂದು ಸರೋಜ ಬಾಗಿಲಿನಿಂದಲೇ ಕೇಳಿದಳು. ನಾನು ಎಂಟು ದಿನದ ಹಿಂದೆ ಕೇಳಬೇಕಾಗಿದ್ದ ಪ್ರಶ್ನೆ.

ಸಲ್ಮಾ ಎದ್ದು ಅಡುಗೆಮನೆಗೆ ನಡೆದಳು. ನಾನೂ ಹಿಂದೆ ಹೋದೆ. ಕಾಯಿ ತುರಿಯುವ ಮಣೆ ನೆಲದ ಮೇಲಿತ್ತು. "ಇದು ಹೆಂಗಿದೆ ಹೇಳಿ ಆಂಟಿ. ಇಂಗ್ಲಿಷಲ್ಲಿ."

"ಅಯ್ಯೋ, ನಂಗೆಲ್ಲಿ ಬರುತ್ತಮ್ಮ? ಇವ್ರ ಜೊತೆ ಮೂವತ್ತು ವರ್ಷ ಸಂಸಾರ ಮಾಡಿ ಥ್ಯಾಂಕ್ಯೂ ಒಂದು ಕಲ್ತಿದೀನಿ."

"ಇದು ಹೊಸದಾ, ಹಳೇದಾ?"

"ನಮ್ಮಮ್ಮ ಕೊಟ್ಟಿದ್ದು. ಹಳೇದು. ಓಲ್ಡ್."

"ಎತ್ತಿ ನೋಡಿ. ಹಗುರಾನಾ?"

"ಎಲ್ಲಿ ಹಗುರ! ಹೆವಿ."

"ಕೈ ಇಟ್ರೆ?"

"ಕುಯ್ದು ಹಾಕುತ್ತೆ. ಶಾರ್ಪು ಕಣೇ, ಶಾರ್ಪು!" ಸರೋಜ ಕೂಗಿ ಹೇಳಿ, ತಾನೇ ಬೆರಗಾಗಿ ಬಾಯಿ ಮುಚ್ಚಿಕೊಂಡಳು. ಆಮೇಲೆ ಮೂರನ್ನೂ ಸೇರಿಸಿ ಒಂದು ವಾಕ್ಯ ಹೇಳಿಸಿದಳು ಸಲ್ಮಾ. ಸರೋಜ ಹೇಳಿದಳು. ಎರಡನೇ ಸಲ ಹೇಳುವಾಗ ಅದು ತನ್ನಮ್ಮನ ಮಣೆ ಎಂಬುದನ್ನೂ ಸೇರಿಸಿದಳು, ಯಾರೂ ಹೇಳಿಕೊಡದೆ. ಎದುರು ಮನೆಯವರು ಕಿಟಕಿಯಿಂದ ಇಣುಕಿ ಏನು ಗಲಾಟೆ ಎಂದು ನೋಡುತ್ತಿದ್ದರು. "ದನಿ ಜೋರಾಯ್ತಾ ಸಾರ್? ಮನೇಲಿ ಹತ್ತಿ ಹಿಂಜೋ ಮೆಷಿನ್ ಸದ್ದಲ್ಲಿ ಮಾತಾಡಿ ಬೆಳೆದೋರು ನಾವು," ಎಂದಳು ಸಲ್ಮಾ.

ನಾನು ಹೊರಗೆ ಬಂದು ಹೊಸ ಹಾಳೆ ತೆಗೆದುಕೊಂಡು ಒಂದೇ ಸಲಕ್ಕೆ ಬರೆದೆ. ಈಕೆ ನನ್ನ ಕ್ಲಾಸಿನಲ್ಲಿ ಎರಡು ವರ್ಷ ಕೂತಿದ್ದರೂ ನಾನು ಈಕೆಯನ್ನು ನೋಡಲಿಲ್ಲ, ಈಕೆಯ ಕಾಮಾಗಳನ್ನು ಮಾತ್ರ ನೋಡಿದೆ. ನಾನು ಮೊದಲು ಕೊಟ್ಟ ಲೆಟರಿನಲ್ಲಿ ನಿಜ ಒಂದೂ ಇಲ್ಲ, ಅದು ನನ್ನ ಸೋಮಾರಿತನ. ನನ್ನ ಹೆಂಡತಿಗೆ ಮೂವತ್ತು ವರ್ಷದಲ್ಲಿ ನಾನು ಕಲಿಸಲಾಗದ್ದನ್ನು ಈಕೆ ಇವತ್ತು ಹತ್ತು ನಿಮಿಷದಲ್ಲಿ ನನ್ನ ಕಣ್ಣೆದುರೇ ಕಲಿಸಿದಳು. ದನಿ ದೊಡ್ಡದು, ಕೊನೆಯ ಬೆಂಚಿಗೂ ಕೇಳಿಸುತ್ತದೆ. ಹೀಗೆಲ್ಲ ಇಂಗ್ಲಿಷಿನಲ್ಲಿ ಬರೆದು, ಸಹಿ ಹಾಕಿ, ಕವರಿಗೆ ಹಾಕಿ ಅಂಟಿಸದೆ ಅವಳ ಕೈಗೆ ಕೊಟ್ಟೆ. ಸತ್ಯ ಬರೆದ ಮನುಷ್ಯನಿಗೆ ಸ್ವಲ್ಪ ಜಂಬ ಬರುತ್ತದಲ್ಲ, ಅದೂ ಬಂದಿತ್ತು. ಆ ಸೆಕ್ರೆಟರಿ ಇದನ್ನು ಓದಿ, ಎಂಥಾ ದೊಡ್ಡ ಮನುಷ್ಯ ಈ ಮೇಷ್ಟ್ರು ಎಂದುಕೊಳ್ಳುವುದನ್ನು ಮನಸ್ಸಿನಲ್ಲೇ ನೋಡಿ ಆನಂದಪಟ್ಟೆ.

ಶುಕ್ರವಾರ ಹೇಗೋ ಕಳೆಯಿತು. ಶನಿವಾರ ಬೆಳಿಗ್ಗೆಯಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಪೇಪರು ತೆಗೆದೆ, ಒಂದು ಅಕ್ಷರವೂ ಹತ್ತಲಿಲ್ಲ. ಸರೋಜ ಮೂರು ಸಲ, "ಒಂದ್ ಫೋನ್ ಮಾಡ್ರೀ" ಎಂದಳು, ನನಗೆ ಧೈರ್ಯ ಬರಲಿಲ್ಲ. ಆ ಹುಡುಗಿಗೆ ಈ ಕೆಲಸ ತಪ್ಪಿದರೆ ಅದು ನಾನು ಬೆರಳಿಟ್ಟು ಎಣಿಸಿ ಸಹಿ ಹಾಕಿದ ಆ ಮೊದಲ ಕಾಗದದಿಂದ ಎಂಬುದು ಎದೆಯಲ್ಲಿ ಕೂತಿತ್ತು. ಮಧ್ಯಾಹ್ನ ಎರಡೂವರೆಗೆ ಅವಳದೇ ಫೋನ್ ಬಂತು. ಹಿಂದೆ ಬಸ್ಸಿನ ಹಾರ್ನು, ಅದಕ್ಕಿಂತ ಜೋರಾಗಿ ಅವಳು.

"ಸಾರ್, ಸಿಕ್ತು! ಸೋಮವಾರದಿಂದಲೇ ಬರೋಕೆ ಹೇಳವ್ರೆ!"

"ನಾನು ಹೇಳಲಿಲ್ವಾ!" ಎಂದೆ. ಏನೂ ಹೇಳಿರಲಿಲ್ಲ. "ಲೆಟರ್ ಓದಿ ಏನಂದ್ರು ಸೆಕ್ರೆಟರಿ?"

ಸಲ್ಮಾ ದನಿ ತಗ್ಗಿಸಿದಳು. ಅವಳು ಸಾಫ್ಟ್ ಸ್ಪೋಕನ್ ಆದದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಕೊಡ್ಲಿಲ್ಲ ಸಾರ್. ಬಸ್ಸಲ್ಲಿ ಓದಿದೆ. ಎರಡ್ಸಲ ಓದಿದೆ. ಅದನ್ನ ಅವ್ರ ಕೈಗೆ ಕೊಟ್ರೆ ನಿಮ್ ಮರ್ಯಾದೆ ಹೋಗ್ತಿತ್ತು. ಆ ಹೆಡ್ ಮಿಸ್ಸು ಇನ್ನೊಂದ್ಸಲ ಸೆರಗು ಅಡ್ಡ ಇಟ್ಕೊಳೋರು. ನಮ್ ಮೇಷ್ಟ್ರನ್ನ ನೋಡಿ ಅವ್ರು ಯಾಕೆ ನಗ್ಬೇಕು? ಲೆಟರ್ ಇಲ್ಲ ಸಾರ್, ಒಂದು ಕ್ಲಾಸ್ ಕೊಡಿ, ಪಾಠ ಮಾಡ್ತೀನಿ, ನೀವೇ ನೋಡಿ ಅಂದೆ. ರಜೆ ಇದ್ರೂ ಟ್ಯೂಷನ್ನಿಗೆ ಬಂದಿದ್ದ ಮಕ್ಕಳನ್ನ ಕೂರ್ಸಿದ್ರು. ಅರ್ಧ ಗಂಟೆ ಮಾಡಿದೆ. ಸೆಕ್ರೆಟರಿ ಕೊನೇ ಬೆಂಚಲ್ಲೇ ಕೂತಿದ್ರು."

ಫೋನನ್ನು ಈ ಕಿವಿಯಿಂದ ಆ ಕಿವಿಗೆ ಬದಲಾಯಿಸಿದೆ.

"ಮತ್ತೆ ನನ್ನ ಬಗ್ಗೆ ಏನೂ ಕೇಳಲಿಲ್ವಾ ಅವರು?"

"ಕೇಳಿದ್ರು ಸಾರ್. ಹೊರಡ್ವಾಗ, ‘ನಿಮ್ ಮೇಷ್ಟ್ರು ಎಂಥೋರಮ್ಮ?’ ಅಂದ್ರು."

"ಏನಂದೆ?"

"ಒಳ್ಳೇವ್ರು ಅಂದೆ."

"ಅಷ್ಟೇನಾ?"

"ಅಷ್ಟೇ ಸಾರ್," ಎಂದು ಸಲ್ಮಾ ನಕ್ಕಳು. "ನಿಮ್ ಬಗ್ಗೆ ನಂಗೆ ಇನ್ನೇನು ಗೊತ್ತು?"